ಹೊರಹೋಗುವ ದಿನದ ಕರಾರು: ಖಾಸಗಿ ಆಸ್ಪತ್ರೆಗೆ ಸೇರಿದ ಪ್ರಸೂತಿ ತಜ್ಞೆಯೊಬ್ಬರ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ವೈದ್ಯೆ ಬಾಗಲಕೋಟೆ ಜಿಲ್ಲೆಯವರೇ. ಸ್ತ್ರೀರೋಗ ಮತ್ತು ಪ್ರಸೂತಿ ವಿಷಯದಲ್ಲಿ ಎಂ.ಎಸ್. ಮುಗಿಸಿ, ಕಡ್ಡಾಯ ಸರ್ಕಾರಿ ಸೇವೆಯನ್ನೂ ಸೀನಿಯರ್ ರೆಸಿಡೆನ್ಸಿಯನ್ನೂ ಪೂರೈಸಿ, ಕೋವಿಡ್‌ನ ಎರಡನೆಯ ಅಲೆ ಇಳಿದ ಮೇಲೆ 2021ರಲ್ಲಿ ಅವರು ಮೊದಲ ಬಾರಿಗೆ ಖಾಸಗಿ ಕೆಲಸ ಹುಡುಕಿದರು. ಪತಿಯದು ವರ್ಗಾವಣೆಯ ನೌಕರಿ. ಕರೆದ ಆಸ್ಪತ್ರೆ ಅದೇ ಜಿಲ್ಲೆಯ ಕಬ್ಬಿನ ಪಟ್ಟಿಯಲ್ಲಿರುವ ಒಂದು ತಾಲೂಕು ಪಟ್ಟಣದ್ದು. ಐವತ್ತರ ಆಸುಪಾಸಿನ ಹಾಸಿಗೆಗಳು. ಹಿರಿಯ ಶಸ್ತ್ರಚಿಕಿತ್ಸಕರೊಬ್ಬರು ಕಟ್ಟಿ ಬೆಳೆಸಿದ್ದು. ಈಗ ಆಡಳಿತವೆಲ್ಲ ಅವರ ಮಗನ ಕೈಯಲ್ಲಿ. ಆ ಪಟ್ಟಣದಲ್ಲಿ ಹಗಲು ರಾತ್ರಿ ಸಿಗುವ ಪ್ರಸೂತಿ ತಜ್ಞರು ಬೆರಳೆಣಿಕೆಯಷ್ಟು.

ನಾನು ಬೆಳಗಾವಿಯಲ್ಲಿ ವಕೀಲಿ ಮಾಡುವವನು, ಮಾತುಕತೆ ಅರ್ಧ ಹಾದಿಗೆ ಬಂದು ನಿಂತ ಮೇಲೆ ವೈದ್ಯೆಯ ಪರವಾಗಿ ಕರಡನ್ನು ಓದಿದವನು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನೂ ಅಂಕಿಗಳನ್ನೂ ತುಸು ಬದಲಿಸಿದ್ದೇನೆ; ನಿರ್ಧಾರಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಬದಲಿಸಿಲ್ಲ.

ಕರಡಿನಲ್ಲಿ ಇದ್ದದ್ದು

ಆಫರ್ ಲೆಟರ್ ಎರಡೇ ಪುಟದ್ದು. ತಿಂಗಳಿಗೆ 1,80,000 ರೂಪಾಯಿ ‘ವೃತ್ತಿಶುಲ್ಕ’, ಶೇ. 10ರ ಟಿಡಿಎಸ್ ಮುರಿದು. ಮೂರು ವರ್ಷದ ಬಾಂಡ್. ನಡುವೆ ಬಿಟ್ಟರೆ 10 ಲಕ್ಷ ರೂಪಾಯಿ ದಂಡ. ಬಿಟ್ಟ ಮೇಲೆ ಎರಡು ವರ್ಷ 25 ಕಿಲೋಮೀಟರ್ ಸುತ್ತಳತೆಯಲ್ಲಿ ಎಲ್ಲೂ ವೃತ್ತಿ ಮಾಡುವಂತಿಲ್ಲ. ವೈದ್ಯೆ ಬಿಡುವುದಾದರೆ ಆರು ತಿಂಗಳ ನೋಟಿಸು ಕೊಡಬೇಕು, ಆಸ್ಪತ್ರೆ ಬಿಡಿಸುವುದಾದರೆ ಒಂದು ತಿಂಗಳದ್ದು ಸಾಕು. ಇನ್ಸೆಂಟಿವ್ ‘ಆಡಳಿತ ಮಂಡಳಿಯ ನಿರ್ಧಾರದಂತೆ’. ಕೊನೆಯ ಸಾಲಿನಲ್ಲಿ, ಸಣ್ಣ ವಿಷಯವೆಂಬಂತೆ, ಸೇರುವ ದಿನ ಮೂಲ ಪದವಿ ಪ್ರಮಾಣಪತ್ರಗಳನ್ನೂ ಸಹಿ ಮಾಡಿದ ಎರಡು ಖಾಲಿ ಚೆಕ್‌ಗಳನ್ನೂ ಒಪ್ಪಿಸಬೇಕೆಂದಿತ್ತು.

ಓದಿದ ಯಾರಿಗೇ ಆದರೂ ಮೊದಲು ಕಣ್ಣಿಗೆ ಬೀಳುವುದು 10 ಲಕ್ಷದ ದಂಡ ಮತ್ತು 25 ಕಿಲೋಮೀಟರ್. ಆ ಭಾಗದಲ್ಲಿ ಪಟ್ಟಣಗಳು ಒತ್ತೊತ್ತಾಗಿ ಇರುವುದರಿಂದ ಅಷ್ಟು ಸುತ್ತಳತೆಯಲ್ಲಿ ಪಕ್ಕದ ತಾಲೂಕಿನ ಪೇಟೆಯೂ ಸೇರಿಹೋಗುತ್ತದೆ. ತವರಿನ ಹತ್ತಿರವೇ ಮುಂದೊಮ್ಮೆ ಸ್ವಂತ ಕ್ಲಿನಿಕ್ ತೆರೆಯಬೇಕೆಂದಿದ್ದವರಿಗೆ ಅದು ಊರು ಬಿಡಿಸುವ ಷರತ್ತೇ. ಆದರೆ ಇಡೀ ಕರಡಿನಲ್ಲಿ ಅಪಾಯದ ಸಾಲು ಚೆಕ್‌ಗಳದ್ದು ಎಂಬುದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಆಗಿದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲ ಎರಡು ಪ್ರಯತ್ನ

ಮೊದಲಿಗೆ ವೈದ್ಯೆಯ ಸೋದರಮಾವ ಹಿರಿಯ ವೈದ್ಯರನ್ನು ಮನೆಯಲ್ಲಿ ಕಂಡರು. ನಮ್ಮ ಕಡೆ ಇಂಥ ಮಾತು ಮೊದಲು ಹಿರಿಯರ ಮೂಲಕವೇ ನಡೆಯುತ್ತದೆ, ಅದು ತಪ್ಪೂ ಅಲ್ಲ. ಹಿರಿಯ ವೈದ್ಯರು, “ಆಕಿ ನಮ್ಮ ಮಗಳಿದ್ದಂಗ. ಕಾಗದದಾಗ ಏನೈತಿ? ಸುಮ್ಮ ಬರದಿಟ್ಟದ್ದು ಅದು,” ಎಂದರು. ಮಾವ, “ಸುಮ್ಮ ಬರದದ್ದಾದ್ರ ತಗದಬಿಡ್ರಲಾ ಸಾಹೇಬ್ರ,” ಎಂದರಂತೆ. ಹಿರಿಯರು ನಕ್ಕು ಚಹಾ ತರಿಸಿದರು. ಸಾಲು ಹಾಗೆಯೇ ಉಳಿಯಿತು. ಆದರೆ ಅದೇ ಭೇಟಿಯಲ್ಲಿ ಅವರು ಇನ್ನೊಂದು ಮಾತು ಆಡಿದ್ದರು: “ಹಿಂದಿನ ಡಾಕ್ಟರು ಬಿಟ್ಟು ಹೋಗಿ ನಮ್ಮ ಎದುರಿಗೇ ಬೋರ್ಡ್ ಹಾಕಿದ್ರು.” ಮಾವ ಇದನ್ನು ಕಾಡುಹರಟೆಯೆಂದು ಬಗೆದು ಮನೆಯಲ್ಲಿ ಹೇಳಿ ಮರೆತುಬಿಟ್ಟಿದ್ದರು.

ಎರಡನೆಯ ಪ್ರಯತ್ನ ಇದಕ್ಕೆ ತದ್ವಿರುದ್ಧ. ಕಾನೂನು ಓದಿದ ಸ್ನೇಹಿತೆಯೊಬ್ಬರ ನೆರವಿನಿಂದ ವೈದ್ಯೆ ಆಸ್ಪತ್ರೆಗೆ ಒಂದು ಉದ್ದನೆಯ ಇಮೇಲ್ ಕಳಿಸಿದರು. ಕರಡಿನ ಬಹುತೇಕ ಪ್ರತಿ ಸಾಲಿಗೂ ಆಕ್ಷೇಪ. ವೃತ್ತಿ ಮಾಡದಂತೆ ತಡೆಯುವ ಕರಾರು ಅಸಿಂಧು, ಅಂದರೆ ಕಾನೂನಿನಲ್ಲಿ ನಿಲ್ಲದ್ದು, ಎನ್ನುವ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಉಲ್ಲೇಖ. ಬಾಂಡ್ ಅಸಿಂಧು ಎಂಬ ಘೋಷಣೆ. ಕಾನೂನು ಹೇಳಿದ್ದರಲ್ಲಿ ಬಹುಪಾಲು ಸರಿಯೇ ಇತ್ತು. ಉದ್ಯೋಗ ನಡೆಯುತ್ತಿರುವಾಗ ಬೇರೆಡೆ ದುಡಿಯಬಾರದೆಂಬ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1967ರ ಗೋಳಿಕರಿ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಉದ್ಯೋಗ ಮುಗಿದ ಮೇಲಿನ ನಿರ್ಬಂಧಕ್ಕೆ ಅದೇ ನ್ಯಾಯಾಲಯ 1980ರ ಕೃಷನ್ ಮುರ್ಗಾಯಿ ಪ್ರಕರಣದಲ್ಲಿ ಮಾನ್ಯತೆ ಕೊಡಲಿಲ್ಲ. ಹೀಗಾಗಿ 25 ಕಿಲೋಮೀಟರಿನ ಷರತ್ತು ನ್ಯಾಯಾಲಯದಲ್ಲಿ ನಿಲ್ಲುವಂಥದ್ದಾಗಿರಲಿಲ್ಲ. ಆದರೆ ಆಸ್ಪತ್ರೆಯಿಂದ ಉತ್ತರವೇ ಬರಲಿಲ್ಲ. ಅವರು ಮತ್ತೊಬ್ಬ ಅಭ್ಯರ್ಥಿಯೊಂದಿಗೆ ಮಾತಾಡುತ್ತಿದ್ದಾರೆಂಬ ಸುದ್ದಿ ಔಷಧ ಕಂಪನಿಯ ಪ್ರತಿನಿಧಿಯೊಬ್ಬರ ಮೂಲಕ ವೈದ್ಯೆಯ ಕಿವಿಗೆ ಬಿತ್ತು.

ಕಾಗದ ನನ್ನ ಬಳಿ ಬಂದದ್ದು ಆಗ.

ತಿರುವು

‘ಎದುರಿಗೇ ಬೋರ್ಡ್ ಹಾಕಿದ್ರು’ ಎಂಬ ಮಾತು ನನಗೆ ಗೊತ್ತಾದದ್ದು ಮಾವನವರೊಂದಿಗೆ ಕುಳಿತು ಎಲ್ಲವನ್ನೂ ಮೊದಲಿನಿಂದ ಕೇಳಿದಾಗ. ಅಲ್ಲಿಂದ ಕರಡು ಬೇರೆಯಾಗಿ ಕಾಣತೊಡಗಿತು. ಬಾಂಡ್, ದಂಡ, ಸುತ್ತಳತೆ, ಆರು ತಿಂಗಳ ನೋಟಿಸು, ಚೆಕ್, ಪ್ರಮಾಣಪತ್ರ ಇವು ಆರೂ ಒಂದೇ ಭಯದಿಂದ ಹುಟ್ಟಿದ ಷರತ್ತುಗಳು. ಹಿಂದಿನ ತಜ್ಞೆ ಹೋದಾಗ ಹೆಸರು ನೋಂದಾಯಿಸಿದ್ದ ಗರ್ಭಿಣಿಯರಲ್ಲಿ ಬಹಳಷ್ಟು ಮಂದಿ ಅವರ ಹಿಂದೆಯೇ ಹೋದರು, ಹೆರಿಗೆ ಕೋಣೆಯ ಇಬ್ಬರು ಅನುಭವಿ ನರ್ಸ್‌ಗಳೂ ಹೋದರು. ಆಸ್ಪತ್ರೆಯ ಮಟ್ಟಿಗೆ ಅದು ನಿಜವಾದ ನಷ್ಟ. ಅದನ್ನು ಕಾನೂನಿನ ಕಲಮು ತೋರಿಸಿ ಬಾಯಿ ಮುಚ್ಚಿಸಲು ಹೋದದ್ದರಿಂದಲೇ ಎರಡನೆಯ ಪ್ರಯತ್ನ ಕೆಟ್ಟಿತ್ತು.

ಚೆಕ್‌ಗಳ ವಿಷಯಕ್ಕೆ ಬರುತ್ತೇನೆ. ಅಸಿಂಧುವಾದ ಷರತ್ತಿಗೆ ಸಹಿ ಮಾಡಿದರೂ ಅದನ್ನು ಜಾರಿ ಮಾಡಿಸಲು ಆಸ್ಪತ್ರೆಯೇ ದಾವೆ ಹೂಡಬೇಕು, ನಷ್ಟವನ್ನು ತೋರಿಸಬೇಕು. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೆ, ಸಿಗುವುದು ಅದರೊಳಗಿನ ಸಮಂಜಸ ಪರಿಹಾರ. ಆದರೆ ಸಹಿ ಮಾಡಿದ ಖಾಲಿ ಚೆಕ್ ಕೈಯಲ್ಲಿದ್ದರೆ ಹೊರೆ ತಿರುಗಿ ಬೀಳುತ್ತದೆ. ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ, ಅದು ಮರಳಿ ಬಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ದೂರು. ಎರಡು ವರ್ಷದವರೆಗೆ ಸೆರೆವಾಸ ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟು ದಂಡದ ಸಾಧ್ಯತೆ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಸಾಲವಿತ್ತೆಂಬ ಪೂರ್ವಭಾವನೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕಾನೂನಿನ ಪ್ರಕಾರ ಜಾರಿಯಾಗಬಲ್ಲ ಸಾಲವೇ ಇರಲಿಲ್ಲವೆಂದು ವೈದ್ಯೆ ಕೊನೆಗೆ ಗೆಲ್ಲಬಹುದು. ಆದರೆ ಅಲ್ಲಿಯತನಕ ಒಪಿಡಿ ಬಿಟ್ಟು ಕೋರ್ಟಿನ ತಾರೀಖಿಗೆ ಓಡಾಡುವವರು ಅವರೇ. ಸತ್ತ ಷರತ್ತಿಗೆ ಜೀವ ಬರುವುದು ಹೀಗೆ, ಆಸ್ಪತ್ರೆಯ ಬೀರುವಿನಲ್ಲಿ. ಮೂಲ ಪ್ರಮಾಣಪತ್ರಗಳದ್ದೂ ಇದೇ ಕಥೆ: ಮುಂದಿನ ಕೆಲಸಕ್ಕೆ ಸೇರಲು ಮೂಲ ಪ್ರತಿ ತೋರಿಸಲೇಬೇಕಾದವರು ದಾವೆ ಗೆಲ್ಲುವವರೆಗೆ ಕಾಯಲಾರರು.

ಬಾಂಡ್‌ಗಳೆಲ್ಲ ಕಸ ಎಂದು ತಿಳಿಯುವುದೂ ಸರಿಯಲ್ಲ. 2025ರಲ್ಲಿ, ಅಂದರೆ ಈ ಪ್ರಕರಣ ಮುಗಿದ ಮೇಲೆ, ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲೇ ಬಿಟ್ಟ ಅಧಿಕಾರಿಯಿಂದ 2 ಲಕ್ಷ ರೂಪಾಯಿ ವಸೂಲಿ ಮಾಡುವ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕು, ನೇಮಕಾತಿಯ ಪ್ರಕ್ರಿಯೆ ಬೇರೆ, ಮೊತ್ತವೂ ಸಣ್ಣದು. ಆದರೂ ‘ಸಹಿ ಮಾಡು, ಹೇಗೂ ನಿಲ್ಲುವುದಿಲ್ಲ’ ಎಂಬ ಸಲಹೆಯನ್ನು ನಾನು ಆಗಲೂ ಕೊಡಲಿಲ್ಲ, ಈಗಂತೂ ಕೊಡುವುದಿಲ್ಲ.

ವೈದ್ಯೆ ಇಮೇಲನ್ನು ಹಿಂದಕ್ಕೆ ಪಡೆದಂತೆ ಒಂದು ಸಣ್ಣ ಪತ್ರ ಬರೆದರು. ಅದರಲ್ಲಿ ಸಂಬಳದ ಮಾತೇ ಇರಲಿಲ್ಲ. ಹಿಂದೆ ಆದ ನಷ್ಟ ತಮಗೆ ಅರ್ಥವಾಗುತ್ತದೆ, ಅದು ಮರುಕಳಿಸದಂತೆ ಏನು ಬರೆದುಕೊಡಬಹುದೆಂದು ಕೂತು ಮಾತಾಡೋಣ ಎಂದಷ್ಟೇ ಇತ್ತು. ಮಗ ಮರುದಿನವೇ ಫೋನ್ ಮಾಡಿದರು.

ದಂಡದ ಜಾಗದಲ್ಲಿ ಬಂದದ್ದು

ನಾವು ಮುಂದಿಟ್ಟದ್ದು ಹೀಗಿತ್ತು. ನೋಟಿಸು ಎರಡೂ ಕಡೆಗೆ ಮೂರು ತಿಂಗಳು. ಆ ಅವಧಿಯಲ್ಲಿ ಏಳು ತಿಂಗಳು ದಾಟಿದ ಗರ್ಭಿಣಿಯರ ಹೆರಿಗೆಯನ್ನು ವೈದ್ಯೆ ಆಸ್ಪತ್ರೆಯಲ್ಲಿಯೇ ಮುಗಿಸಿಕೊಡುವುದು, ಉಳಿದವರ ಕಾಗದಪತ್ರಗಳನ್ನು ಮುಂದೆ ಬರುವ ತಜ್ಞರಿಗೆ ಪಕ್ಕಾ ಹಸ್ತಾಂತರಿಸುವುದು. ರೋಗಿಗಳ ಫೋನ್ ಪಟ್ಟಿಯನ್ನು ಒಯ್ಯಬಾರದು, ಬಿಟ್ಟ ಒಂದು ವರ್ಷದವರೆಗೆ ಆಸ್ಪತ್ರೆಯ ನರ್ಸ್‌ಗಳನ್ನು ಕರೆಯಬಾರದು. ದಂಡದ ಬದಲು, ಪ್ರತಿ ತಿಂಗಳು 20,000 ರೂಪಾಯಿಯನ್ನು ಆಸ್ಪತ್ರೆ ಅವರ ಹೆಸರಿನಲ್ಲಿ ಲೆಕ್ಕಕ್ಕೆ ಹಿಡಿದು, ಹನ್ನೆರಡು ತಿಂಗಳು ಮುಗಿದಾಗಲೆಲ್ಲ ಒಟ್ಟಿಗೆ ಕೊಡುವುದು. ಉಳಿಸಿಕೊಳ್ಳಬೇಕೆಂಬ ಆಸೆ ಆಸ್ಪತ್ರೆಯದಾದ್ದರಿಂದ ಅದರ ಖರ್ಚೂ ಅದರದೇ ಇರಲಿ ಎಂಬುದು ಇದರ ಹಿಂದಿನ ವಿಚಾರ.

ಮಗ ಇದನ್ನು ಬೇಗ ಒಪ್ಪಿದರು, ಅಪ್ಪ ಒಪ್ಪಲಿಲ್ಲ. ಅವರಿಗೆ ಚೆಕ್ ಬೇಕೇ ಬೇಕು. ಕೊನೆಗೆ ಹಗ್ಗ ಸಡಿಲವಾದದ್ದು ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ತರಬೇತಿಯ ಮಾತು ಬಂದಾಗ. ಆಸ್ಪತ್ರೆಯ ಖರ್ಚಿನಲ್ಲಿ ತರಬೇತಿಗೆ ಕಳಿಸಿದರೆ, ಎರಡು ವರ್ಷಕ್ಕೆ ಮೊದಲು ಬಿಟ್ಟಲ್ಲಿ ಆ ಶುಲ್ಕವನ್ನು ದುಡಿದ ತಿಂಗಳುಗಳ ಪ್ರಮಾಣದಲ್ಲಿ ಕಳೆದು ಮಿಕ್ಕಿದ್ದನ್ನು ಮರಳಿಸುತ್ತೇನೆಂದು ವೈದ್ಯೆ ತಾವಾಗಿಯೇ ಬರೆದುಕೊಟ್ಟರು. ನಿಜವಾಗಿ ಆದ ಖರ್ಚಿಗೆ ತಾಳೆಯಾಗುವ ಇಂಥ ಷರತ್ತು ನ್ಯಾಯಾಲಯದಲ್ಲಿಯೂ ನಿಲ್ಲಬಲ್ಲದು. ಬಾಂಡ್ ಎಂಬ ಹೆಸರಿನ ಒಂದು ಕಾಗದ ತಮ್ಮ ಫೈಲಿಗೆ ಬಂದದ್ದು ಹಿರಿಯರಿಗೆ ಸಮಾಧಾನ ತಂದಿತು. ಚೆಕ್ ಹೋಯಿತು, ಪ್ರಮಾಣಪತ್ರಗಳನ್ನು ತೋರಿಸಿ ಮರಳಿ ಪಡೆಯುವುದೆಂದಾಯಿತು, 25 ಕಿಲೋಮೀಟರ್ ಹೋಗಿ, ‘ಆಸ್ಪತ್ರೆಯ ಬೀದಿಯಲ್ಲಿ ಒಂದು ವರ್ಷ ಬೋರ್ಡ್ ಹಾಕುವುದಿಲ್ಲ’ ಎಂಬ ಸಾಲು ಬಂತು. ಅದೂ ಕಾನೂನಿನಲ್ಲಿ ದುರ್ಬಲವೇ. ಆದರೆ ವೈದ್ಯೆ ಅದನ್ನು ಕೊಟ್ಟ ಮಾತಾಗಿ ಪಾಲಿಸಲು ಸಿದ್ಧರಿದ್ದರಿಂದ ನಾನು ತಡೆಯಲಿಲ್ಲ.

ಸಂಬಳವೋ ವೃತ್ತಿಶುಲ್ಕವೋ

ಹೆಚ್ಚು ಹೊತ್ತು ತೆಗೆದುಕೊಂಡದ್ದು ಈ ಪ್ರಶ್ನೆ, ಅದೂ ಆಸ್ಪತ್ರೆಯೊಂದಿಗಲ್ಲ, ವೈದ್ಯೆಯ ಮನೆಯಲ್ಲಿ. ಕನ್ಸಲ್ಟಂಟ್ ಆಗಿ ವೃತ್ತಿಶುಲ್ಕ ಪಡೆದರೆ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನಡಿ ಒಟ್ಟು ಸ್ವೀಕೃತಿಯ ಅರ್ಧವನ್ನು ಮಾತ್ರ ಆದಾಯವೆಂದು ತೋರಿಸಬಹುದಿತ್ತು; ಆಗ ಅದಕ್ಕೆ 50 ಲಕ್ಷದ ಮಿತಿ. ವರ್ಷಕ್ಕೆ 21,60,000 ಬಂದರೆ ತೆರಿಗೆ ಬೀಳುವುದು 10,80,000ದ ಮೇಲೆ. ಸಂಬಳವಾದರೆ ಬಹುತೇಕ ಇಡೀ ಮೊತ್ತದ ಮೇಲೆ. ಅಂದಿನ ಹಳೆಯ ಪದ್ಧತಿ, ಹೊಸ ಪದ್ಧತಿ ಯಾವುದರಲ್ಲಿ ಲೆಕ್ಕ ಹಾಕಿದರೂ ವರ್ಷಕ್ಕೆ 3 ಲಕ್ಷಕ್ಕೂ ಮಿಕ್ಕಿ ವ್ಯತ್ಯಾಸ ಬರುತ್ತಿತ್ತು. ಆಸ್ಪತ್ರೆಯ ಲೆಕ್ಕಪರಿಶೋಧಕರೂ ಇದನ್ನೇ ಒತ್ತಿ ಹೇಳುತ್ತಿದ್ದರು.

ಇನ್ನೊಂದು ತಕ್ಕಡಿಯಲ್ಲಿ ಇದ್ದದ್ದು ಹೆರಿಗೆ ಸೌಲಭ್ಯ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಇದು ಉದ್ಯೋಗಿಗೆ ಸಿಗುವ ಹಕ್ಕು. ದಿನವಿಡೀ ಊರಿನ ಹೆಂಗಸರ ಹೆರಿಗೆ ಮಾಡಿಸುವವರು ತಮ್ಮ ಹೆರಿಗೆಗೆ ಮಾತ್ರ ಸಂಬಳವಿಲ್ಲದೆ ಮನೆಯಲ್ಲಿ ಕೂರುವ ಏರ್ಪಾಡು ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಅಪರೂಪವೇನಲ್ಲ. ಜೊತೆಗೆ, ನಿಗದಿತ ವೇಳೆ, ನಿಗದಿತ ಮೊತ್ತ, ರಜೆಗೆ ಅನುಮತಿ ಇವೆಲ್ಲ ಇದ್ದಾಗ ಕಾಗದದ ಮೇಲೆ ‘ಕನ್ಸಲ್ಟಂಟ್’ ಎಂದು ಬರೆದ ಮಾತ್ರಕ್ಕೆ ಅದು ವೃತ್ತಿಶುಲ್ಕವಾಗುವುದಿಲ್ಲವೆಂದು ತೆರಿಗೆ ಅಧಿಕಾರಿ ವಾದಿಸಬಹುದು.

ವೈದ್ಯೆ ಸಂಬಳವನ್ನೇ ಆಯ್ದರು. ಆರು ತಿಂಗಳ ಬಳಿಕ 2 ಲಕ್ಷಕ್ಕೆ ಏರಿಸುತ್ತೇವೆಂದು ಮಗ ಬಾಯಿಮಾತಿನಲ್ಲಿ ಹೇಳಿದ್ದನ್ನು ಅದಕ್ಕೆ ಬದಲಾಗಿ ಬಿಟ್ಟುಕೊಟ್ಟರು. ಮಗುವಿನ ಯೋಚನೆಯಿದೆಯೆಂದು ಮಾತುಕತೆಯಲ್ಲಿ ಹೇಳಲಿಲ್ಲ, ಹೇಳಬೇಕಾದ ಕಟ್ಟುಪಾಡೂ ಇರಲಿಲ್ಲ. ನೇಮಕಾತಿ ಆದೇಶದಲ್ಲಿ ‘ಅನ್ವಯವಾಗುವ ಎಲ್ಲ ಶಾಸನಬದ್ಧ ಸೌಲಭ್ಯಗಳು’ ಎಂಬ ಒಂದು ಸಾಲು ಸೇರಿತು.

ಉಳಿದ ಷರತ್ತುಗಳಲ್ಲಿ ಮೂರನ್ನು ಹೇಳಬೇಕು. ಮಗ ಸೂಚಿಸಿದ ಇನ್ಸೆಂಟಿವ್ ಪಟ್ಟಿಯಲ್ಲಿ ಸಿಸೇರಿಯನ್‌ಗೆ ನಾರ್ಮಲ್ ಹೆರಿಗೆಯ ಮೂರು ಪಟ್ಟು ದರವಿತ್ತು. ಎರಡಕ್ಕೂ ಒಂದೇ ದರವಿಡಿ, ಬೇಕಾದರೆ ಕಡಿಮೆ ಇಡಿ ಎಂದು ವೈದ್ಯೆ ಹಟ ಹಿಡಿದರು: ಮಧ್ಯರಾತ್ರಿ ಕತ್ತಿ ಹಿಡಿಯುವ ನಿರ್ಧಾರದಲ್ಲಿ ತಮ್ಮ ಜೇಬಿನ ಪಾಲು ಇರಬಾರದೆಂದು. ಇಡೀ ಮಾತುಕತೆಯಲ್ಲಿ ಅವರು ದನಿ ಏರಿಸಿದ್ದು ಇದೊಂದಕ್ಕೇ. ಎರಡನೆಯದು ವಿಮೆ. ಗ್ರಾಹಕ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷದ ಕಾಲಮಿತಿ ಇರುವುದರಿಂದ ಕೆಲಸ ಬಿಟ್ಟ ಮೇಲೂ ನೋಟಿಸು ಬರಬಹುದು. ವೃತ್ತಿ ವಿಮೆಯ ಪಾಲಿಸಿಗಳು ಸಾಮಾನ್ಯವಾಗಿ ದೂರು ಬಂದ ದಿನ ಚಾಲ್ತಿಯಲ್ಲಿರಬೇಕು. ಆದ್ದರಿಂದ ಪಾಲಿಸಿ ವೈದ್ಯೆಯ ಹೆಸರಿನಲ್ಲಿಯೇ ಇರಬೇಕು, ಪ್ರೀಮಿಯಂ ಆಸ್ಪತ್ರೆಯದು, ನೋಟಿಸು ಬಂದರೆ ಕೇಸ್ ಶೀಟಿನ ನಕಲು ಕೊಡಬೇಕು ಎಂದಾಯಿತು. ಮೂರನೆಯದು ಸ್ಕ್ಯಾನಿಂಗ್ ಯಂತ್ರ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ನಿಯಮಗಳ ಪ್ರಕಾರ ಕೇಂದ್ರದ ಸಿಬ್ಬಂದಿ ಬದಲಾದರೆ ಕನಿಷ್ಠ 30 ದಿನ ಮೊದಲೇ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು. ವೈದ್ಯೆ ಬಿಟ್ಟಾಗ ಆಸ್ಪತ್ರೆ ತಿಳಿಸುವುದಲ್ಲದೆ ಅವರೂ ನೇರವಾಗಿ ಒಂದು ಪ್ರತಿ ಕಳಿಸಬಹುದೆಂಬ ಸಾಲನ್ನು ಯಾರೂ ಚರ್ಚಿಸಲೇ ಇಲ್ಲ, ಓದಿ ತಲೆಯಾಡಿಸಿದರು.

ನಂತರ ನಡೆದದ್ದು

2021ರ ಸೆಪ್ಟೆಂಬರಿನಲ್ಲಿ ಸೇರಿದರು. ಎರಡನೆಯ ವರ್ಷ ಮಗುವಾಯಿತು. 26 ವಾರಗಳ ರಜೆ ಸಿಕ್ಕಿತು, ಆದರೆ ಸುಖವಾಗಿ ಅಲ್ಲ. ಬದಲಿ ತಜ್ಞರನ್ನು ಬಾಗಲಕೋಟೆಯಿಂದ ಕರೆಸಿದ ಖರ್ಚಿನ ಬಗ್ಗೆ ಮಗನ ಮುಖ ಗಂಟಾಯಿತು, ಎರಡು ತಿಂಗಳ ಸಂಬಳ ತಡವಾಯಿತು, ರಜೆಯ ತಿಂಗಳುಗಳನ್ನು ಹನ್ನೆರಡರಲ್ಲಿ ಎಣಿಸಬೇಕೇ ಎಂದು ತಕರಾರು ಎದ್ದಿತು. ಕರಾರಿನಲ್ಲಿ ‘ಸೇವೆಯ ಹನ್ನೆರಡು ತಿಂಗಳು’ ಎಂದಿದ್ದುದರಿಂದ ಎಣಿಕೆಯಾಯಿತು. ಒಟ್ಟು ಲೆಕ್ಕ ಹಾಕಿದರೆ, ಹೆಚ್ಚಿಗೆ ಕಟ್ಟಿದ ತೆರಿಗೆ ರಜೆಯ ಸಂಬಳದ ಬಹುಪಾಲನ್ನು ತಿಂದುಹಾಕಿತು. ಹಣದ ದೃಷ್ಟಿಯಿಂದ ಮಾತ್ರ ನೋಡುವವರಿಗೆ ಆ ನಿರ್ಧಾರ ದೊಡ್ಡ ಜಾಣತನವೆಂದು ನಾನು ಹೇಳಲಾರೆ. ಬಾಣಂತನದಲ್ಲಿ ಕೆಲಸ ಉಳಿದಿದೆಯೋ ಹೋಯಿತೋ ಎಂಬ ಚಿಂತೆ ಇರಲಿಲ್ಲವೆಂದು ವೈದ್ಯೆ ಹೇಳುತ್ತಾರೆ.

ಮೂರನೆಯ ವರ್ಷದ ನಡುವೆ ಪತಿಗೆ ಬೆಳಗಾವಿಗೆ ವರ್ಗವಾಯಿತು. ಮೂರು ತಿಂಗಳ ನೋಟಿಸು, ಹಸ್ತಾಂತರ ಎಲ್ಲ ಕ್ರಮವಾಗಿ ನಡೆದು, ಹಿರಿಯರು ಸೀರೆ ಉಡಿಸಿ ಕಳಿಸಿದರು. ಅರ್ಧ ವರ್ಷದ 20,000ಗಳು ಸಿಗಲಿಲ್ಲ. ‘ಹನ್ನೆರಡು ತಿಂಗಳು ಮುಗಿದಾಗ’ ಎಂದು ಬರೆದಿದ್ದ ಮೇಲೆ ಕೇಳುವಂತೆಯೂ ಇರಲಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಪ್ರಕರಣಗಳ ಇನ್ಸೆಂಟಿವ್, ಆಸ್ಪತ್ರೆಗೆ ಹಣ ಬಂದಾಗ ಕೊಡುವುದೆಂದಿತ್ತು. ಹಣ ಬಂದ ಲೆಕ್ಕ ತೋರಿಸಬೇಕೆಂದು ಎಲ್ಲೂ ಬರೆದಿರಲಿಲ್ಲವಾದ್ದರಿಂದ ಬಂದಷ್ಟು ಬಂತು. ಮಾಸಿಕ ಲೆಕ್ಕಪಟ್ಟಿಯ ಹಕ್ಕಿಲ್ಲದ ಪಾಲುದಾರಿಕೆ ಆಸ್ಪತ್ರೆಯ ಔದಾರ್ಯದ ಮೇಲೆ ನಿಂತಿರುತ್ತದೆ. ಇಂದು ನಾನು ಓದುವ ಕರಡುಗಳಲ್ಲಿ ಈ ಸಾಲನ್ನು ಮೊದಲು ಹುಡುಕುತ್ತೇನೆ.

ಎಲ್ಲರೂ ಕಾದಾಡಿದ ಸುತ್ತಳತೆಯ ಷರತ್ತು ಬಳಕೆಗೇ ಬರಲಿಲ್ಲ, ಅವರು ಬೇರೆ ಜಿಲ್ಲೆಗೇ ಹೋದರು. ಬಳಕೆಗೆ ಬಂದದ್ದು ಯಾರೂ ಚರ್ಚಿಸದ ಸಾಲು. ಬಿಟ್ಟು ಕೆಲವು ತಿಂಗಳಾದ ಮೇಲೆ ಆ ಆಸ್ಪತ್ರೆಗೆ ತಪಾಸಣೆಯ ತಂಡ ಹೋದಾಗ ಸ್ಕ್ಯಾನಿಂಗ್ ಕೇಂದ್ರದ ನೋಂದಣಿಯಲ್ಲಿ ಇನ್ನೂ ಇವರ ಹೆಸರೇ ಇತ್ತು. ದುರುದ್ದೇಶವಿರಲಿಲ್ಲ, ಗುಮಾಸ್ತರು ಪತ್ರ ಕಳಿಸಲು ಮರೆತಿದ್ದರು. ಆದರೆ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಗರ್ಭಿಣಿಯ ಸ್ಕ್ಯಾನಿಗೆ ತುಂಬಬೇಕಾದ ‘ಎಫ್’ ನಮೂನೆಯ ದಾಖಲೆ ಅಪೂರ್ಣವಾಗಿದ್ದರೂ ಅದು ಉಲ್ಲಂಘನೆಯೇ ಎಂದು ಹಿಡಿಯಲಾಗುತ್ತದೆ, ಹಾಗಲ್ಲವೆಂದು ರುಜುವಾತು ಮಾಡುವ ಭಾರ ಸ್ಕ್ಯಾನ್ ಮಾಡಿದವರ ಮೇಲೆ. ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ವೈದ್ಯೆ ತಾವು ಕಳಿಸಿದ್ದ ಪ್ರತಿಯನ್ನೂ ಅದರ ಮೇಲಿನ ಸ್ವೀಕೃತಿಯ ಮೊಹರನ್ನೂ ತೋರಿಸಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಅದೇ ಆಸ್ಪತ್ರೆ ಆ ಜಾಗಕ್ಕೆ ಬಂದ ಮುಂದಿನ ತಜ್ಞರಿಗೆ ಕೊಟ್ಟ ಕರಡನ್ನೂ ನಾನು ನೋಡಿದೆ. ಅವರು ಸಲಹೆಗೆ ಬಂದಿದ್ದರು. ಅದರಲ್ಲಿ ಖಾಲಿ ಚೆಕ್ ಇರಲಿಲ್ಲ, ತಿಂಗಳ 20,000 ಉಳಿದಿತ್ತು, ನೋಟಿಸು ಎರಡೂ ಕಡೆಗೆ ಮೂರು ತಿಂಗಳೇ ಇತ್ತು. 25 ಕಿಲೋಮೀಟರ್ ಮತ್ತೆ ಬಂದಿತ್ತು, ಮತ್ತು ಈ ಸಲ ಹುದ್ದೆ ಕನ್ಸಲ್ಟಂಟ್‌ದು.